ಪಾಠದ ಪಕ್ಕದಲ್ಲಿ ಪರದೆ: ಡಿಜಿಟಲ್ ಕಲಿಕೆಯ ಸಂಶೋಧನೆ ಮತ್ತು ಕಲ್ಪತರು ನಾಡಿನ ಶಾಲೆಗಳು



ತೆಂಗಿನ ಕಲ್ಪತರು ನಾಡಾದ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಿಕ್ಷಕರೂ ಪೋಷಕರೂ ಸೇರಿರುವ ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿರುವ ವಿಷಯ ಬೋಧನೆ ಮತ್ತು ಕಲಿಕೆಯಲ್ಲಿ ಡಿಜಿಟಲ್ ತಂತ್ರಜ್ಞಾನದ ಬಳಕೆ, ಅದರಲ್ಲಿಯೂ ಆ ಬಳಕೆಯ ಬಗ್ಗೆ ನಡೆದಿರುವ ಸಂಶೋಧನೆ. ಡಿಜಿಟಲ್ ತಂತ್ರಜ್ಞಾನ ಎಂಬ ಮಾತಿನಲ್ಲಿ ತರಗತಿಯ ಪ್ರೊಜೆಕ್ಟರ್, ಕಂಪ್ಯೂಟರ್ ಕೊಠಡಿ, ಟ್ಯಾಬ್, ಪಠ್ಯಪುಸ್ತಕದ ಕ್ಯೂಆರ್ ಕೋಡ್, ಮನೆಯ ಸ್ಮಾರ್ಟ್‌ಫೋನ್ ಹಾಗೂ ಇವುಗಳ ಮೂಲಕ ಮಕ್ಕಳನ್ನು ತಲುಪುವ ಪಾಠ, ಅಭ್ಯಾಸ, ಪರೀಕ್ಷೆಗಳೆಲ್ಲವೂ ಸೇರುತ್ತವೆ. ಯಾವ ಸಾಧನ ಅಗ್ಗ, ಯಾವುದು ಬಾಳಿಕೆ ಬರುತ್ತದೆ ಎಂಬ ಚರ್ಚೆ ಈ ಉಪನ್ಯಾಸದ ವ್ಯಾಪ್ತಿಯಲ್ಲಿಲ್ಲ. ಕರ್ನಾಟಕ ಈ ದಾರಿಯಲ್ಲಿ ನಡೆದು ಬಂದ ಬಗೆಯನ್ನು ಮೊದಲು ಸಂಕ್ಷೇಪವಾಗಿ ನೋಡಿ, ಎರಡನೆಯದಾಗಿ ಭಾರತದ ಶಾಲೆಗಳಲ್ಲಿ ನಡೆದ ಪ್ರಯೋಗಗಳ ಫಲಿತಾಂಶಗಳನ್ನು ವಿಸ್ತಾರವಾಗಿ ಪರಿಶೀಲಿಸಿ, ಅನಂತರ ಕನ್ನಡ ಭಾಷೆಯ ಪ್ರಶ್ನೆಯನ್ನೂ ಕೊನೆಗೆ ಶಿಕ್ಷಕರ ಹಾಗೂ ಶಾಲೆಯ ಹೊರಗಿನ ಕಲಿಕೆಯ ಪ್ರಶ್ನೆಯನ್ನೂ ಎತ್ತಿಕೊಳ್ಳಲಾಗುವುದು. ಉಪನ್ಯಾಸದ ವಾದವನ್ನು ಆರಂಭದಲ್ಲಿಯೇ ಹೇಳಿಬಿಡುವುದು ಉಚಿತ: ಪರದೆಯು ಪಾಠದ ಜಾಗವನ್ನು ಕಿತ್ತುಕೊಂಡ ಕಡೆ ಕಲಿಕೆ ಕುಗ್ಗಿದೆ, ಪಾಠದ ಪಕ್ಕದಲ್ಲಿ ನಿಂತ ಕಡೆ ಹೆಚ್ಚಿದೆ. ಇವೆರಡರಲ್ಲಿ ಯಾವುದು ಎಲ್ಲಿ ನಡೆಯುತ್ತಿದೆ ಎಂಬುದನ್ನು ಆಯಾ ಊರಿನ ಶಾಲೆಯಲ್ಲಿಯೇ ನೋಡಿ ತಿಳಿಯಬೇಕಾಗಿದೆ.

ಮೊದಲಿಗೆ ಚರಿತ್ರೆ. ಪರದೆಯ ಮೂಲಕ ಹಳ್ಳಿಗೆ ಪಾಠ ತಲುಪಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಇಸ್ರೋ ಸಂಸ್ಥೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗವನ್ನು ನಡೆಸಿತು. ಕರ್ನಾಟಕದಲ್ಲಿ ಅದು ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ ಕಕ್ಷೆ ಸೇರಿದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಪ್ರಸಾರವಾದವು. ಇವೆರಡರ ನಡುವೆ, 2001ರ ಹೊತ್ತಿಗೆ, ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಠಡಿ ಒದಗಿಸುವ 'ಮಾಹಿತಿ ಸಿಂಧು' ಯೋಜನೆ ಆರಂಭವಾಯಿತು.

ಮಾಹಿತಿ ಸಿಂಧುವಿನ ಬಳಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಂದಿನ ಅನೇಕ ಸಮಸ್ಯೆಗಳ ಬೇರು ಅಲ್ಲಿದೆ. ಕಂಪ್ಯೂಟರುಗಳನ್ನೂ ಅವುಗಳನ್ನು ಕಲಿಸುವವರನ್ನೂ ಖಾಸಗಿ ಕಂಪನಿಗಳು ಗುತ್ತಿಗೆಯ ಅವಧಿಗೆ ಒದಗಿಸುವುದು ಆ ಕಾಲದ ಪದ್ಧತಿಯಾಗಿತ್ತು. ಗಣಿತದ ಶಿಕ್ಷಕರು ಒಂದು ಕೊಠಡಿಯಲ್ಲಿ, ಕಂಪ್ಯೂಟರ್ ಹೇಳಿಕೊಡುವವರು ಇನ್ನೊಂದರಲ್ಲಿ. ಗಣಿತದ ಪಾಠಕ್ಕೂ ಕಂಪ್ಯೂಟರಿಗೂ ನಂಟು ಬೆಳೆಯಲು ಆಸ್ಪದ ಕಡಿಮೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಇಂತಹ ಹೊರಗುತ್ತಿಗೆಯ ಮಾದರಿಯನ್ನು ಕೇರಳದ ಐಟಿ@ಸ್ಕೂಲ್ ಯೋಜನೆಯೊಂದಿಗೆ ಹೋಲಿಸಿ, ಶಾಲೆಯ ವಿಷಯ ಶಿಕ್ಷಕರಿಗೇ ತರಬೇತಿ ಕೊಟ್ಟು ಮುಕ್ತ ತಂತ್ರಾಂಶಗಳನ್ನು ಬಳಸಿದ ಕೇರಳದ ದಾರಿಯೇ ಹೆಚ್ಚು ಫಲ ಕೊಟ್ಟಿತೆಂದು ತೋರಿಸಿತು. ಕಂಪ್ಯೂಟರ್ ನೆರವಿನ ಕಲಿಕಾ ಕೇಂದ್ರಗಳಲ್ಲಿ ವರ್ಷಗಟ್ಟಲೆ ಶ್ರಮಿಸಿದ್ದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಮುಖ್ಯಸ್ಥರು 2010ರಲ್ಲಿ ಪತ್ರಿಕಾ ಲೇಖನವೊಂದರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನಕ್ಕಿರುವ ಮಿತಿಗಳನ್ನು ಬಹಿರಂಗವಾಗಿಯೇ ಹೇಳಿದರು. ತಾವೇ ಕಟ್ಟಿದ ಕಾರ್ಯಕ್ರಮದ ಮಿತಿಯನ್ನು ಹೀಗೆ ಒಪ್ಪಿಕೊಳ್ಳುವುದು ಅಪರೂಪದ ಪ್ರಾಮಾಣಿಕತೆ. ಸಂಶೋಧನೆ ಬೆಳೆಯುವುದು ಇಂತಹ ನಡೆಯಿಂದಲೇ.

ಈಗ ಎರಡನೆಯ ಭಾಗಕ್ಕೆ, ಪ್ರಯೋಗಗಳ ವಿಚಾರಕ್ಕೆ ಬರಬಹುದು. ಒಂದು ಶಾಲೆಗೆ ಟ್ಯಾಬ್ ಬಂದ ಮೇಲೆ ಅಂಕಗಳು ಹೆಚ್ಚಿದರೆ ಅದು ಟ್ಯಾಬಿನಿಂದಲೇ ಆಯಿತೆಂದು ಹೇಳಲಾಗದು. ಆ ವರ್ಷ ಒಳ್ಳೆಯ ಶಿಕ್ಷಕರೊಬ್ಬರು ವರ್ಗವಾಗಿ ಬಂದಿರಬಹುದು, ಅಥವಾ ಅನುಕೂಲವಿದ್ದ ಶಾಲೆಯೇ ಟ್ಯಾಬ್ ಪಡೆದಿರಬಹುದು. ಈ ಅನುಮಾನವನ್ನು ನಿವಾರಿಸಲು ಸಂಶೋಧಕರು ಶಾಲೆಗಳ ಇಲ್ಲವೇ ಮಕ್ಕಳ ಹೆಸರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದಕ್ಕೆ ಸಾಧನವನ್ನು ಕೊಟ್ಟು, ಇನ್ನೊಂದನ್ನು ಇದ್ದಂತೆಯೇ ಬಿಟ್ಟು, ಕಡೆಗೆ ಎರಡನ್ನೂ ಹೋಲಿಸುತ್ತಾರೆ. ಇದಕ್ಕೆ ಯಾದೃಚ್ಛಿಕ ಪ್ರಯೋಗವೆಂದು ಹೆಸರು. ಫಲಿತಾಂಶವನ್ನು ಅವರು ಮಾನಕ ವಿಚಲನೆ ಎಂಬ ಅಳತೆಯಲ್ಲಿ ಹೇಳುತ್ತಾರೆ. ತರಗತಿಯ ಅಂಕಗಳು ಸರಾಸರಿಯ ಅತ್ತಿತ್ತ ಎಷ್ಟು ಹರಡಿವೆ ಎಂಬುದನ್ನು ಸೂಚಿಸುವ ಈ ಅಳತೆಯನ್ನು ಸರಳವಾಗಿ ಹೀಗೆ ಗ್ರಹಿಸಬಹುದು: ನೂರು ಮಕ್ಕಳನ್ನು ಅಂಕಗಳ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಐವತ್ತನೆಯ ಸ್ಥಾನದಲ್ಲಿರುವ ಮಗು ಅರ್ಧ ಮಾನಕ ವಿಚಲನೆಯಷ್ಟು ಮುಂದೆ ಹೋದರೆ ಸುಮಾರು ಮೂವತ್ತೊಂದನೆಯ ಸ್ಥಾನಕ್ಕೆ ಬರುತ್ತದೆ.

ವಡೋದರದ ನಗರಪಾಲಿಕೆ ಶಾಲೆಗಳಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಅವರ ಸಂಗಡಿಗರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕನೆಯ ತರಗತಿಯ ಮಕ್ಕಳು ಒಂದು ಕಂಪ್ಯೂಟರಿಗೆ ಇಬ್ಬರಂತೆ ಕುಳಿತು, ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿದರು. ಎರಡನೆಯ ವರ್ಷದ ಕೊನೆಗೆ ಗಣಿತದಲ್ಲಿ 0.47 ಮಾನಕ ವಿಚಲನೆಯ ಏರಿಕೆ ಕಂಡಿತು. ಶಿಕ್ಷಣದ ಸಂಶೋಧನೆಯಲ್ಲಿ ಇದು ದೊಡ್ಡ ಏರಿಕೆ. ಆದರೆ ಮಕ್ಕಳು ಆ ಕಾರ್ಯಕ್ರಮ ಬಿಟ್ಟು ಒಂದು ವರ್ಷವಾದ ಮೇಲೆ ಅಳೆದಾಗ ಉಳಿದದ್ದು ಸುಮಾರು 0.1 ಮಾತ್ರ. ಕೊಬ್ಬರಿ ಮಾಡುವವರಿಗೆ ಈ ಸಂಗತಿ ಬೇಗ ಅರ್ಥವಾಗುತ್ತದೆ: ಬಲಿತ ಕಾಯನ್ನು ಅಟ್ಟಕ್ಕೆ ಏರಿಸಿ, ಎಂಟರಿಂದ ಹನ್ನೆರಡು ತಿಂಗಳು ಬಿಟ್ಟು, ಕೈಗೆತ್ತಿಕೊಂಡು ಅಲ್ಲಾಡಿಸಿದಾಗ ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಮಾತ್ರ ಅದು ಕೊಬ್ಬರಿಯಾಗಿದೆ ಎಂದು ಹೇಳಬಹುದೇ ಹೊರತು ತಿಂಗಳಿಗೇ ಒಡೆದು ನೋಡಿದರೆ ಸಿಗುವುದು ಹಸಿ ಕಾಯಿ. ಸಾಧನ ಬಂದ ಮೂರು ತಿಂಗಳಿಗೆ ಮಾಡಿದ ಪರೀಕ್ಷೆಯನ್ನು ನಂಬಿ ಯೋಜನೆಯನ್ನು ಹೊಗಳುವವರೂ ತೆಗಳುವವರೂ ಹಸಿ ಕಾಯನ್ನೇ ಒಡೆಯುತ್ತಿದ್ದಾರೆ.

ಇದಕ್ಕಿಂತಲೂ ಗಂಭೀರವಾದ ಪಾಠ ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ತರಗತಿಗಳಿಂದ ಬಂದಿದೆ. ಲೀ ಲಿಂಡೆನ್ ಎಂಬ ಸಂಶೋಧಕರು 2008ರಲ್ಲಿ ಹೊರತಂದ ಅಧ್ಯಯನದಲ್ಲಿ ಕಂಪ್ಯೂಟರ್ ಕಾರ್ಯಕ್ರಮವೊಂದನ್ನು ಎರಡು ಬಗೆಯಲ್ಲಿ ಬಳಸಲಾಯಿತು. ಒಂದು ಕಡೆ ಶಾಲೆಯ ವೇಳೆಯಲ್ಲಿಯೇ, ಶಿಕ್ಷಕರ ಪಾಠಕ್ಕೆ ಬದಲಾಗಿ ಬಳಸಿದಾಗ ಮಕ್ಕಳ ಕಲಿಕೆ 0.57 ಮಾನಕ ವಿಚಲನೆಯಷ್ಟು ಕುಸಿಯಿತು. ಇನ್ನೊಂದು ಕಡೆ ಶಾಲೆಯ ವೇಳೆಯ ಹೊರಗೆ, ಪಾಠಕ್ಕೆ ಪೂರಕವಾಗಿ ಬಳಸಿದಾಗ 0.28ರಷ್ಟು ಏರಿತು. ಯಂತ್ರ ಬದಲಾಗಲಿಲ್ಲ, ಅದನ್ನು ಇಟ್ಟ ಜಾಗ ಬದಲಾಯಿತು. ಆ ಸಂಸ್ಥೆಯ ಶಿಕ್ಷಕರ ಪಾಠ ಮೊದಲೇ ಚೆನ್ನಾಗಿದ್ದುದರಿಂದ ಅದನ್ನು ತೆಗೆದು ಪರದೆಯನ್ನು ಕೂರಿಸಿದ್ದು ಮಕ್ಕಳಿಗೆ ನಷ್ಟವಾಯಿತು. ಸ್ಮಾರ್ಟ್ ಕ್ಲಾಸ್ ಉದ್ಘಾಟಿಸುವ ಪ್ರತಿಯೊಂದು ಶಾಲೆಯ ಮುಖ್ಯಶಿಕ್ಷಕರೂ ಎಸ್‌ಡಿಎಂಸಿ ಸದಸ್ಯರೂ ಈ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳುವಷ್ಟು ಅವು ಮಹತ್ವದವು. ಪೆರು ದೇಶದಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು 319 ಶಾಲೆಗಳಲ್ಲಿ ಪರಿಶೀಲಿಸಿ 2012ರಲ್ಲಿ ಹೊರಬಂದ ವರದಿಯೂ ಗಣಿತ ಮತ್ತು ಭಾಷೆಯಲ್ಲಿ ಯಾವ ಏರಿಕೆಯನ್ನೂ ಕಾಣಲಿಲ್ಲ.

ಹಾಗಾದರೆ ಪರದೆ ಎಲ್ಲಿ ನಿಜವಾಗಿ ನೆರವಾಗುತ್ತದೆ? ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್ ಮತ್ತು ಅಲೆಹಾಂದ್ರೊ ಗನಿಮಿಯಾನ್ 2019ರಲ್ಲಿ ಪ್ರಕಟಿಸಿದ ದೆಹಲಿಯ ಅಧ್ಯಯನ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುತ್ತದೆ. ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶವನ್ನು ಶಾಲೆಯ ನಂತರ ಬಳಸುವ ಕೇಂದ್ರಗಳ ಈ ಪ್ರಯೋಗದಲ್ಲಿ 619 ಮಕ್ಕಳಿದ್ದರು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯ ಏರಿಕೆಯಾಯಿತು. ಕಾರಣವನ್ನು ಹುಡುಕಿದಾಗ, ಆರನೆಯ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದೆ ಇರುವುದು ಕಂಡುಬಂತು. ಪಠ್ಯಪುಸ್ತಕ ಆರನೆಯ ತರಗತಿಯದು, ಮಗುವಿನ ನಿಜವಾದ ನೆಲೆ ಮೂರು-ನಾಲ್ಕರದು. ತಂತ್ರಾಂಶವು ಪ್ರತಿ ಮಗುವಿನ ಉತ್ತರವನ್ನು ನೋಡಿ, ಅದು ನಿಂತಿರುವ ಮೆಟ್ಟಿಲಿಗೇ ಇಳಿದು, ಅಲ್ಲಿಂದ ಲೆಕ್ಕ ಕೊಡುತ್ತಾ ಹೋಯಿತು.

ಕರ್ನಾಟಕದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಈ ತತ್ವ ಅಪರಿಚಿತವೇನಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿ ಶಾಲೆಯ ಮಾದರಿಯಿಂದ ಪ್ರೇರಣೆ ಪಡೆದು ಹುಟ್ಟಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ನಲಿಕಲಿ ಪದ್ಧತಿಯಲ್ಲಿ ಇದೇ ತತ್ವ ರಟ್ಟಿನ ಕಾರ್ಡುಗಳಲ್ಲಿದೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಗೋಡೆಯ ಕಲಿಕಾ ಏಣಿಯಲ್ಲಿ ತಮ್ಮ ಮೈಲಿಗಲ್ಲನ್ನು ನೋಡಿಕೊಂಡು, ಅದಕ್ಕೆ ಹೊಂದುವ ಕಾರ್ಡನ್ನು ತೆಗೆದುಕೊಂಡು, ಅದರ ಚಿತ್ರದ ಗುರುತಿಗೆ ತಕ್ಕ, 'ತಟ್ಟೆ' ಎಂದು ಕರೆಯುವ ಗುಂಪಿಗೆ ಹೋಗಿ ಕೂರುತ್ತಾರೆ. ಒಂದು ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅರೆ ನೆರವು, ಮತ್ತೆರಡಕ್ಕೆ ಜೊತೆಯ ಮಕ್ಕಳ ನೆರವು, ಕೊನೆಯದರಲ್ಲಿ ಸ್ವಕಲಿಕೆ. ಹೊಲ, ತೋಟಗಳ ನಡುವೆ ಚದುರಿದ ಹಳ್ಳಿ, ಹಟ್ಟಿ, ತಾಂಡಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹಲವು ತರಗತಿಗಳನ್ನು ಒಬ್ಬರೋ ಇಬ್ಬರೋ ಶಿಕ್ಷಕರು ನಡೆಸಬೇಕಾದಾಗ ಈ ವ್ಯವಸ್ಥೆ ಎಷ್ಟು ಆಧಾರವೋ ಅಷ್ಟೇ ಶ್ರಮದಾಯಕ, ಏಕೆಂದರೆ ಪ್ರತಿ ಮಗುವೂ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ದಿನವೂ ಗುರುತಿಸಿ ಬರೆಯುವವರು ಶಿಕ್ಷಕರೇ. ಡಿಜಿಟಲ್ ಸಾಧನಕ್ಕೆ ಇಲ್ಲಿ ನಿಜವಾದ ಕೆಲಸವಿದೆ: ಸ್ವಕಲಿಕೆಯ ತಟ್ಟೆಯಲ್ಲಿ ಒಂದು ಟ್ಯಾಬ್ ಇಟ್ಟು, ಅಭ್ಯಾಸವನ್ನೂ ಅದರ ದಾಖಲೆಯನ್ನೂ ಅದಕ್ಕೆ ಒಪ್ಪಿಸಿದರೆ ಶಿಕ್ಷಕರ ಸಮಯ ಪೂರ್ಣ ನೆರವಿನ ತಟ್ಟೆಗೆ ಉಳಿಯುತ್ತದೆ. ಅಕ್ಷರ ಫೌಂಡೇಷನ್ ರೂಪಿಸಿರುವ ಗಣಿತದ ಆ್ಯಪ್‌ನಂತೆ ಅಂತರ್ಜಾಲವಿಲ್ಲದೆಯೂ ನಡೆಯುವ ಉಚಿತ ತಂತ್ರಾಂಶಗಳು ಈಗ ಕನ್ನಡದಲ್ಲಿಯೇ ಇವೆ. ನಲಿಕಲಿಯನ್ನು ಬದಿಗೆ ಸರಿಸಿ ಅದರ ಜಾಗದಲ್ಲಿ ಪರದೆ ತರುವುದು ಮಾತ್ರ ಗುಜರಾತಿನ ಜ್ಞಾನಶಾಲಾ ತರಗತಿಗಳಲ್ಲಿ ಆದ ತಪ್ಪನ್ನೇ ಮತ್ತೆ ಮಾಡಿದಂತೆ.

ಪ್ರಯೋಗಗಳ ಭಾಗವನ್ನು ಮುಗಿಸುವ ಮೊದಲು, ಸಾಧನ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಗಮನಿಸಬೇಕು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್ ಮತ್ತು ಕೆಂಟಾರೊ ಟೊಯಾಮಾ ಹಳ್ಳಿಯ ಸರ್ಕಾರಿ ಶಾಲೆಗಳನ್ನು ನೋಡಿದಾಗ ಒಂದು ಕಂಪ್ಯೂಟರಿನ ಸುತ್ತ ಹಲವು ಮಕ್ಕಳು ಕುಳಿತಿದ್ದರೂ ಮೌಸ್ ಮಾತ್ರ ಒಬ್ಬರ ವಶದಲ್ಲಿಯೇ ಇರುತ್ತಿತ್ತು. ಅವರು ಒಂದೇ ಕಂಪ್ಯೂಟರಿಗೆ ಹಲವು ಮೌಸುಗಳನ್ನು ಜೋಡಿಸಿ, ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣದ ಗುರುತು ಕೊಟ್ಟು, 2006ರಲ್ಲಿ ಅದರ ಫಲಿತಾಂಶವನ್ನು ಮಂಡಿಸಿದರು. ಮನೆಯ ಫೋನಿನ ವಿಷಯದಲ್ಲಿಯೂ ಇದೇ ಪ್ರಶ್ನೆಯಿದೆ. ಶಿಕ್ಷಣದ ಸ್ಥಿತಿಗತಿಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಬಳಸಲು ಬಲ್ಲವರಲ್ಲಿ ಸ್ವಂತ ಫೋನಿರುವ ಹುಡುಗರು ಶೇ 36ರಷ್ಟಿದ್ದರೆ ಹುಡುಗಿಯರು ಶೇ 27ರಷ್ಟು. ಫೋನಿನಲ್ಲಿ ಮನೆಪಾಠ ಕಳಿಸುವ ಶಾಲೆ ಈ ಅಂತರವನ್ನು ಮರೆತರೆ ಹೆಣ್ಣುಮಕ್ಕಳಿಗೆ ಅನ್ಯಾಯವಾಗುತ್ತದೆ.

ಕೋವಿಡ್ ಕಾಲ ಇದನ್ನೆಲ್ಲ ಒಮ್ಮೆಲೇ ಬಯಲಿಗೆ ತಂದಿತು. ಕರ್ನಾಟಕ ಸರ್ಕಾರ 2020ರ ಆಗಸ್ಟ್‌ನಲ್ಲಿ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮ ಮಕ್ಕಳನ್ನು ಫೋನೇ ಇಲ್ಲದವರು, ಅಂತರ್ಜಾಲವಿಲ್ಲದ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು ಎಂದು ಮೂರು ಗುಂಪು ಮಾಡಿ, ಶಿಕ್ಷಕರನ್ನೇ ಮಕ್ಕಳ ವಠಾರಗಳಿಗೆ ಕಳಿಸಿತು. ಸೋಂಕಿನ ಭಯದಿಂದ ಅದು ಅಕ್ಟೋಬರ್‌ನಲ್ಲಿ ನಿಂತರೂ, ಸಾಧನದ ಲೆಕ್ಕದಿಂದಲ್ಲ ಮಗುವಿನ ಲೆಕ್ಕದಿಂದ ಯೋಜನೆ ಹೂಡಿದ ಆ ಕ್ರಮ ಸರಿಯಾಗಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಅದೇ ವರ್ಷ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,522 ಶಿಕ್ಷಕರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ಶೇ 60ಕ್ಕೂ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ದಕ್ಕಿರಲಿಲ್ಲ. 2021ರಲ್ಲಿ ಅದೇ ವಿಶ್ವವಿದ್ಯಾಲಯವು 1,137 ಶಾಲೆಗಳ 16,067 ಮಕ್ಕಳನ್ನು ನೋಡಿದಾಗ, ಶೇ 92ರಷ್ಟು ಮಕ್ಕಳು ಹಿಂದೆ ಕಲಿತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು, ಶೇ 82ರಷ್ಟು ಮಕ್ಕಳು ಒಂದಾದರೂ ಗಣಿತ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು.

ಮೂರನೆಯ ವಿಚಾರ ಭಾಷೆಯದು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಕಾವ್ಯವನ್ನು, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಸಂಸ್ಕೃತದ ಕಾವ್ಯಮೀಮಾಂಸೆಯನ್ನು ಕನ್ನಡದ ಸೊತ್ತಾಗಿ ಮಾಡಿದರು. ಅಂತಹ ನೆಲದಲ್ಲಿ ಡಿಜಿಟಲ್ ಪಾಠವೆಂದರೆ ಇಂಗ್ಲಿಷ್ ವಿಡಿಯೊಗೆ ಕನ್ನಡದ ಧ್ವನಿ ಅಂಟಿಸುವುದು ಎಂಬ ಸ್ಥಿತಿ ಇರಬಾರದು. ಕನ್ನಡದ ಡಿಜಿಟಲ್ ಸಂಪನ್ಮೂಲಕ್ಕೆ ಇರುವ ಒಂದು ತೊಡಕು ಬಹಳ ಲೌಕಿಕವಾದುದು: ಶಿಕ್ಷಕರು ವರ್ಷಗಟ್ಟಲೆ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿಟ್ಟ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಎಲ್ಲ ಸಾಧನಗಳೂ ಒಂದೇ ರೀತಿ ಗುರುತಿಸುವ ಯೂನಿಕೋಡ್ ಸಂಕೇತಕ್ಕೆ ಅವುಗಳನ್ನು ಪರಿವರ್ತಿಸಿದರೆ ಎಷ್ಟೋ ವರ್ಷಗಳ ಶ್ರಮ ಮತ್ತೆ ಬಳಕೆಗೆ ಬರುತ್ತದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಕೂಡಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ, ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಪಾಠಗಳನ್ನು ಶಿಕ್ಷಕರೇ ಬರೆದಿದ್ದಾರೆ. 2017ರಲ್ಲಿ ಆರಂಭವಾದ ಕೇಂದ್ರದ ದೀಕ್ಷಾ ವೇದಿಕೆಗೆ ಪಠ್ಯಪುಸ್ತಕದ ಕ್ಯೂಆರ್ ಕೋಡುಗಳು ಕೊಂಡೊಯ್ಯುತ್ತವೆ. ಅಲ್ಲಿ ಸಿದ್ಧಪಾಠ ಸಿಗುತ್ತದೆ, ಮೊದಲನೆಯದರಲ್ಲಿ ಶಿಕ್ಷಕರು ಲೇಖಕರಾಗುತ್ತಾರೆ. ಎರಡೂ ಬೇಕು, ಆದರೆ ಎರಡನೆಯದಕ್ಕೆ ಸಿಕ್ಕಿರುವ ಗಮನ ಮೊದಲನೆಯದಕ್ಕೆ ಸಿಕ್ಕಿಲ್ಲ.

ಇಲ್ಲಿಂದ ನಾಲ್ಕನೆಯ ವಿಚಾರವಾದ ಶಿಕ್ಷಕರ ಜ್ಞಾನಕ್ಕೆ ಬರಬಹುದು. ವಿಷಯ ಗೊತ್ತಿದ್ದರೆ ಸಾಲದು, ಆ ವಿಷಯವನ್ನು ಕಲಿಸುವ ಬಗೆಯೇ ಬೇರೊಂದು ಜ್ಞಾನವೆಂದು ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೋಲರ್ 2006ರಲ್ಲಿ ಅದಕ್ಕೆ ತಂತ್ರಜ್ಞಾನದ ಅರಿವನ್ನೂ ಸೇರಿಸಿ, ಈ ಮೂರೂ ಕೂಡುವ ಜಾಗವೇ ಡಿಜಿಟಲ್ ಬೋಧನೆಯ ನೆಲೆ ಎಂದರು. ಉದಾಹರಣೆಗೆ ಜಿಯೋಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ತ್ರಿಭುಜದ ಒಂದು ಶೃಂಗವನ್ನು ಹಿಡಿದು ಎಳೆದರೆ ಮೂರೂ ಕೋನಗಳ ಅಳತೆ ಬದಲಾಗುತ್ತಾ ಹೋಗುತ್ತದೆ, ಮೊತ್ತ ಮಾತ್ರ 180 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಎಳೆಯುವ ಮುನ್ನ 'ಈಗ ಮೊತ್ತ ಏನಾಗಬಹುದು' ಎಂದು ಕೇಳಿ, ಮಕ್ಕಳ ಊಹೆಯನ್ನು ಕಪ್ಪುಹಲಗೆಯ ಮೇಲೆ ಬರೆದುಕೊಳ್ಳುವ ಶಿಕ್ಷಕರ ತರಗತಿಗೂ, ಸುಮ್ಮನೆ ಎಳೆದು ತೋರಿಸುವವರ ತರಗತಿಗೂ ಬಹಳ ವ್ಯತ್ಯಾಸವಿದೆ. ಆ ಒಂದು ಪ್ರಶ್ನೆಯನ್ನು ಯಾವ ತಂತ್ರಾಂಶವೂ ತರಗತಿಯ ಹದ ನೋಡಿ ಕೇಳಲಾರದು.

ಪರದೆಯ ಪಕ್ಕದಲ್ಲಿ ಕಲಿಸುವವರು ಬೇಕೆಂಬ ಈ ಮಾತು ಶಾಲೆಯ ಹೊರಗಿನ ಕಲಿಕೆಗೂ ಸಲ್ಲುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಮೊದಲು ಪರೀಕ್ಷೆಗೊಳಗಾದ ಡಿಜಿಟಲ್ ಗ್ರೀನ್ ಕಾರ್ಯಕ್ರಮದಲ್ಲಿ ಆಯಾ ಊರಿನ ರೈತರನ್ನೇ ಚಿತ್ರಿಸಿದ ವಿಡಿಯೊಗಳನ್ನು ಊರವರೊಬ್ಬರು ತೋರಿಸಿ, ನಡುನಡುವೆ ನಿಲ್ಲಿಸಿ ಚರ್ಚೆ ನಡೆಸುತ್ತಿದ್ದರು. 16 ಹಳ್ಳಿಗಳ ಆ ಪ್ರಯೋಗದಲ್ಲಿ ಕೆಲವು ಬೇಸಾಯ ಕ್ರಮಗಳ ಅಳವಡಿಕೆ ಹಳೆಯ ವಿಸ್ತರಣಾ ಪದ್ಧತಿಗಿಂತ ಏಳು ಪಟ್ಟಾಯಿತು. ತೆಂಗಿನ ಕೆಂಪು ಮೂತಿ ಹುಳುವನ್ನು ಇದಕ್ಕೆ ಹೊಂದಿಸಿ ನೋಡಬಹುದು. ಕಾಂಡದೊಳಗೆ ಮರಿಹುಳು ತೋಡುವ ಸುರಂಗವನ್ನು ಸೀಳಿದ ಮರದ ವಿಡಿಯೊ ಸ್ಪಷ್ಟವಾಗಿ ತೋರಿಸಬಲ್ಲದು. ಆದರೆ ತೂತಿನಿಂದ ಸೋರುವ ಕಂದು ರಸದ ಹುಳಿ ವಾಸನೆಯನ್ನೂ, ಕಾಂಡಕ್ಕೆ ಕಿವಿಯಿಟ್ಟಾಗ ಕೇಳುವ ಕರಕರ ಸದ್ದನ್ನೂ ತೋಟದಲ್ಲಿ ನಿಂತೇ ಕಲಿಯಬೇಕು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಕೈಯಳತೆಯಲ್ಲಿಯೇ ಇರುವಾಗ ವಿಡಿಯೊ, ತೋಟ ಮತ್ತು ತಜ್ಞರನ್ನು ಒಂದೆಡೆ ಸೇರಿಸಿ, ಪ್ರೌಢಶಾಲೆಯ ವಿಜ್ಞಾನ ಪಾಠಕ್ಕೂ ರೈತರ ತಿಳಿವಳಿಕೆಗೂ ಸೇತುವೆ ಕಟ್ಟುವುದು ಸಾಧ್ಯವಿದೆ.

ಇಷ್ಟು ಹೇಳಿದ ಮೇಲೆ ಒಂದು ಮನವಿ. ಈ ಉಪನ್ಯಾಸದಲ್ಲಿ ಬಂದ, ಶಾಲಾ ಕಲಿಕೆಯನ್ನು ಅಳೆದ ಪ್ರಯೋಗಗಳು ಹೆಚ್ಚಾಗಿ ಗುಜರಾತ್, ದೆಹಲಿ, ಪೆರುಗಳವು. ತೆಂಗಿನ ನಾಡಿನ ಹಳ್ಳಿಶಾಲೆಯ ಬಗ್ಗೆ ಅವು ಪರೋಕ್ಷವಾಗಿ ಮಾತ್ರ ಹೇಳಬಲ್ಲವು. ಆದ್ದರಿಂದ ಮೂರು ತಾಲ್ಲೂಕುಗಳ ಪ್ರತಿ ಶಾಲೆಯೂ ಬರುವ ಶೈಕ್ಷಣಿಕ ವರ್ಷದಲ್ಲಿ ಒಂದು ದಾಖಲೆ ಪುಸ್ತಕವನ್ನು ಇಟ್ಟು, ಸಾಧನವನ್ನು ಯಾವ ದಿನ ಎಷ್ಟು ನಿಮಿಷ ಬಳಸಲಾಯಿತು, ಆ ವೇಳೆಗೆ ಯಾವ ಪಾಠ ಬಿಟ್ಟುಹೋಯಿತು, ಅದು ಯಾವ ಮಗುವಿನ ಕೈಯಲ್ಲಿತ್ತು, ಬಳಕೆಗೆ ಮೊದಲು, ಅನಂತರ ಮತ್ತು ಆರು ತಿಂಗಳು ಕಳೆದ ಮೇಲೆ ಆ ಮಗು ಏನು ಮಾಡಬಲ್ಲದು ಎಂಬುದನ್ನು ಬರೆದಿಡಬೇಕು. ಇಲ್ಲಿನ ಪದವಿ ಮತ್ತು ಶಿಕ್ಷಣ ಕಾಲೇಜುಗಳ ಅಧ್ಯಾಪಕರು ಆ ಪುಸ್ತಕಗಳನ್ನು ಒಟ್ಟುಗೂಡಿಸಿ ಓದಬೇಕು. ಇದಕ್ಕೆ ಅನುದಾನವೂ ಬೇಡ, ಅಂತರ್ಜಾಲವೂ ಬೇಡ. ನೂರು ಪುಟದ ಒಂದು ನೋಟ್‌ಬುಕ್ ಸಾಕು. ಶಾಲೆ ಆರಂಭವಾಗುವ ಮೊದಲ ವಾರದಲ್ಲಿಯೇ ಅದರ ಮೊದಲ ಪುಟ ಬರೆಯಬೇಕೆಂದು ಸಭೆಯಲ್ಲಿರುವ ಶಿಕ್ಷಕ ಬಂಧುಗಳಲ್ಲಿ ಕೋರಿಕೆ.